ದಿನಕ್ಕೆ 180 ಲೀಟರ್ ಸೋಸಿ, ಒಂದೂವರೆ ಲೀಟರ್ ಮೂತ್ರ

ಪಠ್ಯಪುಸ್ತಕದ ಕನ್ನಡದಲ್ಲಿ ಕಿಡ್ನಿಗೆ ‘ಮೂತ್ರಜನಕಾಂಗ’ ಎಂಬ ಹೆಸರಿದೆ. ಅಂದರೆ ಮೂತ್ರ ಹುಟ್ಟಿಸುವ ಅಂಗ. ಈ ಹೆಸರಿನ ಬಗ್ಗೆ ನನ್ನದೊಂದು ತಕರಾರಿದೆ. ಅದು ಸೋಸುವ ನೀರಿನಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಮೂತ್ರವಾಗುತ್ತದೆ. ಮಿಕ್ಕ 99 ಪಾಲನ್ನು ರಕ್ತಕ್ಕೆ ವಾಪಸು ತುಂಬಿಸುವುದರಲ್ಲೇ ಅದರ ದಿನ ಕಳೆಯುತ್ತದೆ. ಇಷ್ಟು ತಲೆಗೆ ಹೋದರೆ ‘ಕಿಡ್ನಿ ಕ್ಲೀನ್ ಮಾಡುವ’ ಜ್ಯೂಸುಗಳ ವಾಟ್ಸಾಪ್ ಫಾರ್ವರ್ಡುಗಳಲ್ಲಿ ಮುಕ್ಕಾಲು ಪಾಲು ತಾನಾಗಿ ಉದುರುತ್ತವೆ.

ಲೆಕ್ಕ ನೋಡಿ. ಹೃದಯ ನಿಮಿಷಕ್ಕೆ ತಳ್ಳುವ ಸುಮಾರು 5 ಲೀಟರ್ ರಕ್ತದಲ್ಲಿ ಒಂದು ಲೀಟರಿಗೂ ತುಸು ಹೆಚ್ಚು ಹೋಗುವುದು ತಲಾ 150 ಗ್ರಾಂ ತೂಗುವ ಈ ಎರಡು ಅಂಗಗಳಿಗೆ. ಒಂದೊಂದರಲ್ಲೂ ನೆಫ್ರಾನ್ ಎಂಬ ಸೋಸುವ ಪುಟ್ಟ ಘಟಕಗಳು ಸುಮಾರು ಹತ್ತು ಲಕ್ಷ. ನೆಫ್ರಾನಿನ ತಲೆಯಲ್ಲಿ ಗ್ಲೊಮೆರುಲಸ್ ಎಂಬ ನವಿರಾದ ರಕ್ತನಾಳಗಳ ಉಂಡೆ. ರಕ್ತಕಣ ಮತ್ತು ಪ್ರೊಟೀನು ಒಳಗೇ ಉಳಿಯುತ್ತವೆ. ನೀರು, ಉಪ್ಪು, ಸಕ್ಕರೆ, ಯೂರಿಯಾ ಸೋಸಿ ಆಚೆ ಬರುತ್ತವೆ. ನಿಮಿಷಕ್ಕೆ 125 ಮಿಲಿ, ದಿನಕ್ಕೆ 180 ಲೀಟರ್. ಮೈಯಲ್ಲಿರುವ ಪ್ಲಾಸ್ಮಾ, ಅಂದರೆ ರಕ್ತಕಣ ಬಿಟ್ಟು ಉಳಿದ ದ್ರವ, ಬರೀ 3 ಲೀಟರ್! ಸೋಸಿದ್ದೆಲ್ಲ ಹಾಗೇ ಹೊರಗೆ ಹೋಗುವುದಾಗಿದ್ದರೆ ಅರ್ಧ ಗಂಟೆಯೊಳಗೆ ಆಟ ಮುಗಿಯುತ್ತಿತ್ತು.

ಆಮೇಲಿನದು ನೆಫ್ರಾನಿನ ಕೊಳವೆಯ ಕೆಲಸ. ಮೊದಲ ತಿರುವಿನಲ್ಲೇ ಮೂರರಲ್ಲಿ ಎರಡು ಪಾಲು ನೀರು ಮತ್ತು ಉಪ್ಪು, ಜೊತೆಗೆ ಹೆಚ್ಚುಕಡಿಮೆ ಎಲ್ಲ ಸಕ್ಕರೆ ವಾಪಸು. ಆದರೆ ಸಕ್ಕರೆ ಹೊರುವ ಹಮಾಲಿಗಳಿಗೂ ಒಂದು ಮಿತಿಯಿದೆ. ರಕ್ತದ ಸಕ್ಕರೆ ಸುಮಾರು 180 ದಾಟಿತೆಂದರೆ ಮಿಕ್ಕಿದ್ದು ಮೂತ್ರಕ್ಕೆ ಸೋರುತ್ತದೆ, ಹೋಗುವಾಗ ನೀರನ್ನೂ ಎಳೆದೊಯ್ಯುತ್ತದೆ. ಶುಗರ್ ಇರುವವರು ರಾತ್ರಿ ನಾಲ್ಕು ಸಲ ಏಳುವುದು ಇದಕ್ಕೇ. ಶುಗರಿಗೆ ಕೊಡುವ ಈಚಿನ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಈ ಹಮಾಲಿಗಳನ್ನೇ ತಡೆದು ಸಕ್ಕರೆಯನ್ನು ಬೇಕೆಂದೇ ಹೊರಗೆ ಬಿಡುತ್ತವೆ. ಹಾಗಾಗಿ ಅವನ್ನು ನುಂಗುವವರ ಮೂತ್ರದ ರಿಪೋರ್ಟಿನಲ್ಲಿ ಸಕ್ಕರೆ ‘ಮೂರು ಪ್ಲಸ್’ ಬಂದರೆ ಗಾಬರಿ ಬೇಡ, ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ.

ಕೊನೆಗೆ ಎಷ್ಟು ನೀರು ಉಳಿಸಿಕೊಳ್ಳಬೇಕು ಎಂಬುದನ್ನು ಮೆದುಳಿನಿಂದ ಬರುವ ಎಡಿಎಚ್ ಹಾರ್ಮೋನು ಹೇಳುತ್ತದೆ. ನೀರು ಕಡಿಮೆ ಕುಡಿದ ದಿನ ದೇಹದ ಕಸವನ್ನೆಲ್ಲ ಅರ್ಧ ಲೀಟರಿನಷ್ಟು ಗಾಢ ಹಳದಿ ಮೂತ್ರದಲ್ಲಿ ಕಿಡ್ನಿ ಕಳಿಸಬಲ್ಲದು. ಹೆಚ್ಚು ಕುಡಿದರೆ ತಿಳಿಯಾಗಿಸಿ ಬಿಡುತ್ತದೆ, ಆದರೆ ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು. ಅದಕ್ಕಿಂತ ಜೋರಾಗಿ ಸುರಿದುಕೊಂಡರೆ ರಕ್ತದ ಸೋಡಿಯಂ 135ರಿಂದ ಕೆಳಗಿಳಿದು ತಲೆನೋವು, ವಾಂತಿ, ಮಂಕು, ಕೊನೆಗೆ ಫಿಟ್ಸ್. ನೀರಿನಿಂದ ಕಿಡ್ನಿ ‘ತೊಳೆದು’ ಹೋಗುವುದಿಲ್ಲ. ಹೆಚ್ಚು ನೀರಿನಿಂದ ನಿಜಕ್ಕೂ ಲಾಭವಾಗುವುದು ಕಲ್ಲು ಆಗುವವರಿಗೆ. ಅವರೂ ಕುಡಿದದ್ದನ್ನು ಎಣಿಸದೆ ಹೊರಗೆ ಹೋದದ್ದನ್ನು ಅಳೆಯಬೇಕು: ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಹೊಲದಲ್ಲಿರುವವರಿಗೂ ಬೆಂಗಳೂರಿನ ಏಸಿ ರೂಮಿನಲ್ಲಿ ಕೂತವರಿಗೂ ‘ದಿನಕ್ಕೆ ಮೂರು ಲೀಟರ್’ ಎಂಬ ಒಂದೇ ಸಲಹೆ ಹೇಗೆ ಹೊಂದೀತು? ಕಲ್ಲಿದೆ ಎಂದು ಹಾಲು ಮೊಸರು ಬಿಡುವುದು ಇನ್ನೊಂದು ತಪ್ಪು. ಊಟದ ಜೊತೆ ಹೋದ ಕ್ಯಾಲ್ಸಿಯಂ ಕಲ್ಲು ಕಟ್ಟಿಸುವ ಆಕ್ಸಲೇಟನ್ನು ಕರುಳಲ್ಲೇ ಹಿಡಿದಿಡುತ್ತದೆ. ಅದನ್ನು ಬಿಟ್ಟರೆ ಆಕ್ಸಲೇಟ್ ನೇರ ಮೂತ್ರಕ್ಕೆ.

ಇಷ್ಟಕ್ಕೂ ಕಿಡ್ನಿ ಕೆಡುವುದು ಎಲ್ಲಿ? ಬಹುಪಾಲು ಆ ಗ್ಲೊಮೆರುಲಸ್ಸಿನ ಒತ್ತಡದಲ್ಲಿ. ಉಂಡೆಯ ಒಳಬಾಗಿಲಲ್ಲಿ ಒಂದು ನಲ್ಲಿ, ಹೊರಬಾಗಿಲಲ್ಲಿ ಒಂದು ನಲ್ಲಿ ಎಂದುಕೊಳ್ಳಿ. ನೀರು ಕಡಿಮೆಯಾದಾಗ ಒಳನಲ್ಲಿಯನ್ನು ತೆರೆದಿಡುವುದು ಪ್ರೋಸ್ಟಗ್ಲಾಂಡಿನ್, ಹೊರನಲ್ಲಿಯನ್ನು ಬಿಗಿಯುವುದು ಆಂಜಿಯೋಟೆನ್ಸಿನ್, ಎರಡೂ ದೇಹವೇ ತಯಾರಿಸುವ ರಾಸಾಯನಿಕಗಳು. ಹೀಗೆ ಒತ್ತಡ ಉಳಿದು ಸೋಸುವುದು ನಡೆಯುತ್ತದೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದ ಡೈಕ್ಲೋಫಿನಾಕ್ ಅಥವಾ ಐಬುಪ್ರೊಫೆನ್ ಮೊದಲನೆಯದನ್ನು ನಿಲ್ಲಿಸುತ್ತದೆ. ಬಿಪಿಯ ಟೆಲ್ಮಿಸಾರ್ಟನ್ ಎರಡನೆಯದನ್ನು ಸಡಿಲಿಸುತ್ತದೆ. ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದು, ಅದೇ ವಾರ ವಾಂತಿ ಭೇದಿಯೂ ಆಯಿತೆನ್ನಿ: ಒಳಗೆ ರಕ್ತ ಕಡಿಮೆ, ಒಳನಲ್ಲಿ ಮುಚ್ಚಿದೆ, ಹೊರನಲ್ಲಿ ತೆರೆದಿದೆ. ಎರಡು ಮೂರು ದಿನದಲ್ಲಿ, ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿ ಮೂತ್ರ ನಿಲ್ಲಬಹುದು. ಇದಕ್ಕೆ ಟೆಲ್ಮಿಸಾರ್ಟನ್ನನ್ನು ಬೈಯಬೇಡಿ. ಒತ್ತಡ ಇಳಿಸಿ ವರ್ಷಗಟ್ಟಲೆ ಕಿಡ್ನಿ ಕಾಯುವ ಮಾತ್ರೆ ಅದು. ವಾಂತಿ ಭೇದಿಯ ದಿನಗಳಲ್ಲಿ ಅದನ್ನು ಮುಂದುವರಿಸಬೇಕೇ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿ. ನೋವಿನ ಮಾತ್ರೆಯನ್ನಂತೂ ಮುಟ್ಟಬೇಡಿ.

‘ಕ್ರಿಯಾಟಿನಿನ್ ನಾರ್ಮಲ್ ಇದೆ’ ಎಂಬ ಸಮಾಧಾನವನ್ನೂ ಸ್ವಲ್ಪ ಕೆಡಿಸಬೇಕು. ಸೋಸುವ ಶಕ್ತಿ ಹತ್ತಿರಹತ್ತಿರ ಅರ್ಧ ಹೋಗುವ ತನಕ ಈ ಅಂಕಿ ನಾರ್ಮಲ್ ಗೆರೆಯೊಳಗೇ ಇರಬಹುದು. ಅದು ಹುಟ್ಟುವುದು ಸ್ನಾಯುವಿನಿಂದ. ಆದ್ದರಿಂದ 25ರ ಹುಡುಗನ 1.2 ಎಂದರೆ ಇಜಿಎಫ್ಆರ್ (ಸೋಸುವ ವೇಗದ ಅಂದಾಜು) ಸುಮಾರು 86, ಅದೇ 65ರ ಅಜ್ಜಿಯ 1.2 ಎಂದರೆ ಸುಮಾರು 50. ರಿಪೋರ್ಟಿನಲ್ಲಿ ಇಜಿಎಫ್ಆರ್ ಕೇಳಿ ಪಡೆಯಿರಿ. ಇನ್ನೂ ಮುಂಚೆ ಸುಳಿವು ಕೊಡುವುದು ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಆಲ್ಬುಮಿನ್ ಎಂದರೆ ರಕ್ತದ ಒಂದು ಪ್ರೊಟೀನು): 30ರೊಳಗಿದ್ದರೆ ಸರಿ. ಬಿಪಿ, ಶುಗರ್ ಇರುವವರು ವರ್ಷಕ್ಕೊಮ್ಮೆ ಇವೆರಡನ್ನೂ ಮಾಡಿಸದೆ ಸಾವಿರಾರು ರೂಪಾಯಿಯ ‘ಫುಲ್ ಬಾಡಿ ಚೆಕಪ್’ ಮಾಡಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಇನ್ನು ಎಳನೀರು. ಆರೋಗ್ಯವಂತರಿಗೆ ಅಮೃತವೇ ಸರಿ. ಕಿಡ್ನಿ ಸೋತವರಿಗೆ ಅದರ ಪೊಟ್ಯಾಸಿಯಂ ಹೊರಹಾಕಲು ಆಗುವುದಿಲ್ಲ, ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ. ಆಸ್ಪತ್ರೆಗೆ ನೋಡಲು ಹೋಗುವಾಗ ಎರಡು ಎಳನೀರು ಹಿಡಿದು ಹೋಗುವ ನಮ್ಮ ಪದ್ಧತಿ ಡಯಾಲಿಸಿಸ್ ವಾರ್ಡಿನ ಬಾಗಿಲಲ್ಲಿ ನಿಲ್ಲಬೇಕು.

ಮೂತ್ರಕೋಶವೆಂದರೆ ಚೀಲ, ಬ್ಲ್ಯಾಡರ್. ಕಿಡ್ನಿಗೇ ಮೂತ್ರಕೋಶ ಎನ್ನುವವರು ಬೇಕಾದಷ್ಟಿದ್ದಾರೆ, ಗೊಂದಲ ಅಲ್ಲಿಂದಲೇ ಶುರು. 25-30 ಸೆಂಟಿಮೀಟರ್ ಉದ್ದದ ಎರಡು ನಾಳಗಳು ಮೂತ್ರವನ್ನು ಹಿಂಡಿ ಹಿಂಡಿ ಕೆಳಗೆ ತಂದು, ಚೀಲದ ಗೋಡೆಯನ್ನು ಓರೆಯಾಗಿ ಹೊಕ್ಕುತ್ತವೆ. ಚೀಲ ತುಂಬಿದಂತೆ ಆ ಓರೆದಾರಿ ಅಮುಕಿ ಮುಚ್ಚುತ್ತದೆ, ಮೂತ್ರ ಹಿಂದಕ್ಕೆ ಹೋಗದು. 150-200 ಮಿಲಿಗೆ ಮೊದಲ ಸೂಚನೆ, 400-500ಕ್ಕೆ ಅವಸರ. ವಿಸರ್ಜಿಸುವಾಗ ಚೀಲದ ಸ್ನಾಯು ಹಿಂಡಬೇಕು, ಅದೇ ಕ್ಷಣ ಕೆಳಗಿನ ಬಿಗಿ ಸಡಿಲಬೇಕು. ಎಂದಾದರೂ ಒಮ್ಮೆ ಸ್ವಲ್ಪ ಹೊತ್ತು ತಡೆದುಕೊಂಡರೆ ಏನೂ ಆಗದು. ದಿನವೂ ತಡೆಯುವುದು, ಅದಕ್ಕೆಂದೇ ನೀರನ್ನೂ ಬಿಡುವುದು ಸೋಂಕಿಗೆ ದಾರಿ. ಹೆಂಗಸರ ಮೂತ್ರದ್ವಾರದ ನಾಳ ಬರೀ 4 ಸೆಂಟಿಮೀಟರ್, ರೋಗಾಣು ಬೇಗ ಹತ್ತುತ್ತದೆ. ‘ನೀರು ಕುಡಿಯಮ್ಮ’ ಎಂದು ಉಪದೇಶ ಮಾಡುವವರು ಶಾಲೆಯ, ಬಸ್ ಸ್ಟ್ಯಾಂಡಿನ ಶೌಚಾಲಯವನ್ನು ಒಮ್ಮೆ ಇಣುಕಿ ಬರಲಿ. ಉರಿಮೂತ್ರಕ್ಕೆ ‘ಉಷ್ಣ’ ಎಂದು ಬಾರ್ಲಿ ನೀರು ಕುಡಿಯಿರಿ, ಬೇಡವೆನ್ನುವುದಿಲ್ಲ. ಚಳಿಜ್ವರ, ಬೆನ್ನಿನ ಪಕ್ಕೆ ನೋವು ಸೇರಿದರೆ ಸೋಂಕು ಕಿಡ್ನಿಗೇರಿದೆ ಎಂದು ತಿಳಿದು ಅದೇ ದಿನ ಆಸ್ಪತ್ರೆಗೆ ಹೋಗಿ.

ಗಂಡಸರಲ್ಲಿ ವಯಸ್ಸಾದಂತೆ ಪ್ರಾಸ್ಟೇಟ್ ಊದಿ ದಾರಿ ಕಿರಿದಾಗುತ್ತದೆ. ಶುಗರ್ ಹಳತಾದರೆ ಚೀಲದ ನರ ಮಂದವಾಗುತ್ತದೆ. ಎರಡರಲ್ಲೂ ಮೂತ್ರ ಪೂರ್ತಿ ಖಾಲಿಯಾಗುವುದಿಲ್ಲ. ಮನೆಯವರು ‘ತಾತ ಬಟ್ಟೆಯಲ್ಲೇ ಮಾಡಿಕೊಳ್ತಾರೆ’ ಎನ್ನುತ್ತಾರೆ, ಅಸಲಿಗೆ ಅದು ತುಂಬಿದ ಚೀಲ ತುಳುಕುವುದು. ಒತ್ತಡ ಹಿಂದಕ್ಕೆ ತಿರುಗಿ ಕಿಡ್ನಿಯೂ ಊದಿಕೊಳ್ಳಬಹುದು. ಸ್ಕ್ಯಾನಿಂಗಿನಲ್ಲಿ ನೀರು ಕುಡಿಸಿ ಕೂರಿಸಿ, ಆಮೇಲೆ ‘ಹೋಗಿ ಬನ್ನಿ’ ಎಂದು ಮತ್ತೆ ನೋಡುವುದು ಹೀಗೆ ಚೀಲದಲ್ಲಿ ಉಳಿದ ಮೂತ್ರವನ್ನು ಅಳೆಯಲಿಕ್ಕೆ. ರಿಪೋರ್ಟು ಕೈಗೆ ಬಂದಾಗ ಕಲ್ಲಿದೆಯೇ ಎಂದಷ್ಟೇ ಹುಡುಕದೆ ‘ಪೋಸ್ಟ್ ವಾಯ್ಡ್’ ಎಂಬ ಸಾಲನ್ನೂ ಓದಿ. 50 ಮಿಲಿಯೊಳಗಿದ್ದರೆ ಚಿಂತೆಯಿಲ್ಲ. 200 ದಾಟಿದ್ದರೆ ಯೂರಾಲಜಿಸ್ಟರ ಹತ್ತಿರ ಹೋಗುವುದನ್ನು ಹಬ್ಬ ಮುಗಿಯಲಿ ಎಂದು ಮುಂದೂಡಬೇಡಿ.