ಸಣ್ಣ ಕಣ್ಣಿನ ಜರಡಿ

ಸೋಸುವ ವಸ್ತು ಯಾವುದೇ ಇರಲಿ, ಅಂಗಡಿಯಲ್ಲಿ ನಮ್ಮ ಕೈ ಹೋಗುವುದು ಅತಿ ಸಣ್ಣ ಕಣ್ಣಿನದಕ್ಕೇ. ಕಸದ ಒಂದು ಚೂರೂ ದಾಟಬಾರದು ಎಂಬ ಆಸೆ. ಕಸ ದಾಟುವುದಿಲ್ಲ, ನಿಜ. ನಾಲ್ಕು ದಿನ ಕಳೆದರೆ ನೀರೂ ದಾಟುವುದಿಲ್ಲ.

ತೀರ್ಥಹಳ್ಳಿ ಸೀಮೆಯಲ್ಲಿ ಅಬ್ಬಿ ನೀರು ಕುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡದ ಮೇಲಿನ ಒರತೆಯಿಂದ ಮನೆ ತನಕ ಪೈಪು ಎಳೆದರೆ ಆಯಿತು. ಪಂಪು ಬೇಡ, ಕರೆಂಟು ಬೇಡ, ಹಗಲೂ ರಾತ್ರಿ ನೀರು. ಹಿಂದೆ ಅಡಿಕೆ ದಬ್ಬೆಯಲ್ಲಿ ಹರಿದು ಬರುತ್ತಿತ್ತು. ಅದರ ಜೊತೆ ಎಲೆ ಬರುತ್ತಿತ್ತು, ಕಪ್ಪೆಯೂ ಬರುತ್ತಿತ್ತು. ಕೈಯಲ್ಲಿ ತೆಗೆದು ಆಚೆ ಹಾಕಿ ಕೊಡ ತುಂಬಿಸಿಕೊಂಡರೆ ಮುಗಿಯಿತು. ಕರಿ ಪೈಪು ಬಂದ ಮೇಲೆ ಆ ಸಲಿಗೆ ಹೋಯಿತು. ಪೈಪಿನೊಳಗೆ ಎಲೆ ಸಿಕ್ಕಿಕೊಂಡರೆ ಎಲ್ಲಿ ಅಂತ ಹುಡುಕುವುದು? ಹಾಗಾಗಿ ಪೈಪಿನ ಬಾಯಿಗೆ ಜಾಲರಿ, ಇಲ್ಲವೇ ಬಟ್ಟೆ.

ಪುನರ್ವಸು ಮಳೆ ಹಿಡಿದಾಗ ಈ ಬಟ್ಟೆಯ ಯೋಗ್ಯತೆ ಗೊತ್ತಾಗುತ್ತದೆ. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರ ಬಹುಪಾಲು ಸುರಿಯುವುದು ಈ ಮೂರ್ನಾಲ್ಕು ತಿಂಗಳಲ್ಲೇ. ಗುಡ್ಡದ ಮಣ್ಣು, ಕೊಳೆತ ಎಲೆ, ಮರಳು ಎಲ್ಲ ಒರತೆಯ ಗುಂಡಿಗೇ ಬರುತ್ತವೆ. ಪಕ್ಕದ ಮನೆಯ ದೊಡ್ಡಪ್ಪನಿಗೆ ಸ್ವಚ್ಛತೆಯ ಹುಚ್ಚು. ಹೊಸ ಪಂಚೆ ಹರಿದು ಎರಡು ಸುತ್ತು ಬಿಗಿದು ಬರುತ್ತಾರೆ. ಬೆಳಗಾಗುವಷ್ಟರಲ್ಲಿ ಅದರ ಮೇಲೆ ಕೆಸರು ಮೆತ್ತಿಕೊಂಡು, ನಲ್ಲಿಯಲ್ಲಿ ದಾರದಷ್ಟು ನೀರು. ಆಮೇಲೆ ಅದೂ ಇಲ್ಲ. ಆಗ ಕೊಪ್ಪೆ ಹೊದ್ದು, ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡು ಗುಡ್ಡ ಹತ್ತಬೇಕು. ಏನು ತಿಕ್ಕಿದರೂ ರಕ್ತ ಹೀರುವ ಉಂಬಳ ತನ್ನ ಪಾಲು ಬಿಡುವುದಿಲ್ಲ. ಬಟ್ಟೆ ಬಿಚ್ಚಿ ಒಗೆದು ಕಟ್ಟಿ ಕೆಳಗಿಳಿದರೆ ಪೈಪಿಗೆ ಗಾಳಿ ಹಿಡಿದಿರುತ್ತದೆ. ಜಾಯಿಂಟು ಬಿಚ್ಚುತ್ತಾ, ಗಾಳಿ ಬಿಡಿಸುತ್ತಾ ಮತ್ತೆ ಮೇಲಿನಿಂದ ಶುರು. ಅತ್ತ ದೊರಗು ಜಾಲರಿ ಕಟ್ಟಿದವರ ಮನೆಯಲ್ಲಿ ನೀರು ಸ್ವಲ್ಪ ಕೆಂಪಗಿರುತ್ತದೆ, ಅಷ್ಟೇ. ಹಂಡೆಯಲ್ಲಿ ಒಂದು ಗಳಿಗೆ ಬಿಟ್ಟರೆ ಮಣ್ಣು ತಳಕ್ಕೆ ಇಳಿಯುತ್ತದೆ.

ನನ್ನ ತಂಗಿ ಇರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಅಲ್ಲಿ ಅಬ್ಬಿಯೂ ಇಲ್ಲ, ಉಂಬಳವೂ ಇಲ್ಲ. ಜಗಳ ಮಾತ್ರ ಇದೇ. ಅವರ ನೆಲಮಾಳಿಗೆಯಲ್ಲಿ ಫರ್ನೇಸ್ ಅಂತ ಒಂದು ಯಂತ್ರ ಇದೆ. ಗ್ಯಾಸು ಉರಿಸಿ ಗಾಳಿ ಬಿಸಿ ಮಾಡಿ ಕೋಣೆ ಕೋಣೆಗೂ ಕಳಿಸುತ್ತದೆ, ತಣ್ಣಗಾದ ಗಾಳಿಯನ್ನು ವಾಪಸ್ ಎಳೆದುಕೊಳ್ಳುತ್ತದೆ. ವಾಪಸ್ ಬರುವ ದಾರಿಯಲ್ಲಿ ರಟ್ಟಿನ ಚೌಕಟ್ಟಿನ ಒಂದು ಫಿಲ್ಟರ್, 16 ಇಂಚು, 25 ಇಂಚು, ದಪ್ಪ 1 ಇಂಚು. ಅಂಚಿನಲ್ಲಿ ಬಾಣದ ಗುರುತು. ಬಾಣ ಫರ್ನೇಸಿನ ಕಡೆ ಮುಖ ಮಾಡಿರಬೇಕು. ಇಷ್ಟು ತೆಳ್ಳಗಿನದಾದರೆ ಒಂದರಿಂದ ಮೂರು ತಿಂಗಳಿಗೆ ಬದಲಾಯಿಸಬೇಕು. ನಾಯಿ ಸಾಕಿದ್ದರೆ ಇನ್ನೂ ಬೇಗ.

ಭಾವನೂ ನಮ್ಮ ದೊಡ್ಡಪ್ಪನ ಜಾತಿಯೇ! ಈ ಫಿಲ್ಟರುಗಳಿಗೆ ಮರ್ವ್ ಎಂಬ ಅಳತೆ ಇದೆ, 1ರಿಂದ 16ರ ತನಕ. ಅಂಕಿ ಏರಿದಷ್ಟೂ ಹೆಚ್ಚು ಸಣ್ಣ ಧೂಳನ್ನು ಹಿಡಿಯುತ್ತದೆ. 8ರದ್ದು ಸಾಕಾಗುವ ಹಳೇ ಯಂತ್ರಕ್ಕೆ ಭಾವ 13ರದ್ದು ತಂದು ಹಾಕಿದರು. ಮೂರ್ನಾಲ್ಕು ವಾರ ಚೆನ್ನಾಗಿಯೇ ಇತ್ತು. ಆಮೇಲೆ ಹೊರಗೆ ಹಿಮ ಬೀಳುವಾಗ ಫರ್ನೇಸ್ ಉರಿಯುವುದು, ಆರುವುದು, ಉರಿಯುವುದು, ಆರುವುದು. ಗಾಳಿ ಸಾಕಷ್ಟು ಬರದಿದ್ದರೆ ಒಳಗಿನ ಲೋಹ ಅತಿಯಾಗಿ ಕಾಯುತ್ತದೆ. ಆಗ ಒಂದು ಸ್ವಿಚ್ಚು ತಾನೇ ಉರಿ ಆರಿಸಿಬಿಡುತ್ತದೆ. ತಂಗಿ ಎರಡು ಸ್ವೆಟರ್ ಹಾಕಿಕೊಂಡು ಫೋನು ಮಾಡಿದಳು. "ಅಣ್ಣಾ, ಮನೆ ಗಾಳಿ ಭಾರೀ ಶುದ್ಧ ಇದೆ ಮಾರಾಯ. ಚಳಿಗೆ ಸಾಯ್ತಾ ಇದ್ದೀವಿ."

ಮನುಷ್ಯರ ಮೂಗಿನ ಚಿಂತೆ ಸೇರಿಕೊಂಡದ್ದು ಆಮೇಲೆ. ಈ ಫಿಲ್ಟರ್ ಮೊದಲು ಬಂದದ್ದು ಯಂತ್ರದ ಫ್ಯಾನಿಗೆ ಧೂಳು ಕೂರದಿರಲಿ ಅಂತ. ಯಂತ್ರವನ್ನು ಕಾಪಾಡಲು ಇಟ್ಟದ್ದೇ ಯಂತ್ರದ ಕತ್ತು ಹಿಸುಕಿದರೆ ಏನು ಹೇಳುವುದು? ಆಸ್ತಮಾ ಇದ್ದವರ ಮನೆಗೆ ಸಣ್ಣ ಕಣ್ಣಿನದೇ ಬೇಕು, ಒಪ್ಪುತ್ತೇನೆ. ಅದನ್ನು ತಾಳಿಕೊಳ್ಳುವ ಯಂತ್ರವೂ ಇರಬೇಕು ಅಲ್ವಾ?

ದೊರಗು ಬಟ್ಟೆಯ ಪರವಾಗಿ ನನ್ನ ಹತ್ತಿರ ದೊಡ್ಡ ಸಾಕ್ಷಿಯೇ ಇದೆ. ಬಾಂಗ್ಲಾದೇಶದ ಮತ್ಲಬ್ ಎಂಬಲ್ಲಿ ಹಳ್ಳಿಯ ಹೆಂಗಸರಿಗೆ ಹಳೇ ಸೀರೆ ಮಡಚಿ ನೀರು ಸೋಸಲು ಹೇಳಿಕೊಟ್ಟರು. 2003ರಲ್ಲಿ ಲೆಕ್ಕ ಪ್ರಕಟವಾಯಿತು. ಕಾಲರಾ ಸುಮಾರು ಅರ್ಧದಷ್ಟು ಇಳಿದಿತ್ತು. ಕಾಲರಾ ರೋಗಾಣುವಿಗೆ ಸೀರೆಯ ಕಣ್ಣೆಂದರೆ ಹೆಬ್ಬಾಗಿಲು. ಆದರೆ ಅದು ನೀರಿನ ಸಣ್ಣ ಸಣ್ಣ ಜೀವಿಗಳಿಗೆ ಅಂಟಿಕೊಂಡು ತಿರುಗುತ್ತದೆ. ಆ ಜೀವಿಗಳು ಬಟ್ಟೆಗೆ ಸಿಕ್ಕಿಬೀಳುತ್ತವೆ. ಹೊಸ ಸೀರೆಗಿಂತ ಒಗೆದು ಒಗೆದು ಸವೆದದ್ದೇ ವಾಸಿಯಂತೆ, ಎಳೆ ಸಡಿಲಾಗಿ ಕಣ್ಣು ತುಂಬಿಕೊಂಡಿರುತ್ತದೆ. ಹೊಸ ಪಂಚೆ ಹರಿಯುವ ದೊಡ್ಡಪ್ಪನಿಗೆ ಇದನ್ನು ಹೇಳಿದೆ. "ಅದು ಬಾಂಗ್ಲಾದ ಸೀರೆ" ಅಂದರು.

ಬಾಣಂತನಕ್ಕೆಂದು ಅಮ್ಮ ತಂಗಿಯ ಮನೆಗೆ ಹೋಗಿದ್ದಾಗ, ಅಳಿಯ ಫಿಲ್ಟರ್ ಎಳೆದು ಕಸದ ಬುಟ್ಟಿಗೆ ಹಾಕುವುದನ್ನು ನೋಡಿ ಎದೆ ಒಡೆದುಕೊಂಡಳು.

"ಒಗೆದು ಹಾಕಬಾರದಾ?"

"ಇಲ್ಲ ಅತ್ತೆ, ಇದು ಕಾಗದದ ಥರ. ಒದ್ದೆಯಾದರೆ ಬೂಷ್ಟು ಹಿಡಿಯುತ್ತೆ."

ಅಮ್ಮ ಬುಟ್ಟಿಯಿಂದ ಅದನ್ನು ತೆಗೆದು ತಿರುಗಿಸಿ ನೋಡಿದಳು. ಹಿಂದುಗಡೆ ತಂತಿಯ ಜಾಲರಿ ಇತ್ತು.

"ಇದೊಂದನ್ನು ಬಿಡಿಸಿ ಕೊಡಿ. ಊರಿಗೆ ಒಯ್ಯುತ್ತೇನೆ. ಕಣ್ಣು ಸಮಾ ದೊಡ್ಡದಿದೆ."