ಮತ್ತೆ ಅದೇ ‘ಧೋ’ ಮಳೆ

ಕರಾವಳಿಯ ಕತೆ ಅಂದರೆ ಮೊದಲ ಪ್ಯಾರಾದಲ್ಲೇ ಮಳೆ ‘ಧೋ’ ಎಂದು ಸುರಿಯುತ್ತದೆ, ಕಡಲು ಭೋರ್ಗರೆಯುತ್ತದೆ, ನಾಯಕಿಯ ಕಣ್ಣಾಲಿ ತುಂಬಿ ಬರುತ್ತದೆ. ಮಂಗಳೂರು, ಉಡುಪಿಯಲ್ಲೇ ಕೂತು ಬರೆಯುವವರೂ ಹೀಗೆ ಬರೆದರೆ ಹೊಟ್ಟೆ ಉರಿಯದೆ ಇರುತ್ತದಾ? ಕಣ್ಣೆದುರಿಗೇ ಎಷ್ಟೆಲ್ಲ ಇದೆಯಲ್ಲ ಮಾರಾಯ್ರೆ!

ಒಡೆದ ಒಂದು ಹಂಚು ಸಾಕು. ಕೆಳಗಿಟ್ಟ ಖಾಲಿ ಬಕೆಟ್ಟಿಗೆ ಬೀಳುವ ಹನಿ ಮೊದಲು ಟಕ್ ಎನ್ನುತ್ತದೆ, ನೀರು ಏರಿದ ಹಾಗೆ ಸದ್ದು ಮೆತ್ತಗಾಗುತ್ತದೆ. ಬಚ್ಚಲೊಲೆಯ ಮೇಲೆ ಒಣಗಿಸಿದ ಯೂನಿಫಾರ್ಮಿಗೆ ಹೊಗೆಯ ವಾಸನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿರುತ್ತವೆ. ಇಷ್ಟು ಬರೆದರೆ ‘ಧೋ’ ಯಾಕೆ ಬೇಕು?

ಕರಡು ಮುಗಿದ ಮೇಲೆ ‘ತಟ್ಟನೆ’, ‘ಒಮ್ಮೆಲೇ’, ‘ನಿಟ್ಟುಸಿರು’, ‘ನೀರವ ಮೌನ’ ಎಲ್ಲೆಲ್ಲಿವೆ ಎಂದು ಫೈಲಿನಲ್ಲಿ ಹುಡುಕಿ. ತೆಗೆದು ಓದಿ, ವಾಕ್ಯ ನಿಂತರೆ ಹಾಗೇ ಬಿಡಿ. ಬಿದ್ದರೆ ಆ ಜಾಗಕ್ಕೆ ಪಾತ್ರದ ಕೈ ಏನು ಮಾಡುತ್ತಿದೆ ಅಂತ ಬರೆಯಿರಿ. ‘ಅವಳು ಕೋಪದಿಂದ ಹೇಳಿದಳು’ ಬೇಡ. ಅವಳು ಬಂಗುಡೆಯ ಕಿವಿರು ಕಿತ್ತು ಬುಟ್ಟಿಗೆ ಎಸೆಯಲಿ, ತಲೆ ಎತ್ತದೆ ಮಾತಾಡಲಿ.

ಹೆಚ್ಚಿನವರು ಎಡವುವುದು ಇಲ್ಲೇ: ಸವೆದ ಪದ ತೆಗೆದು ‘ವರ್ಷಧಾರೆ’ ಎಂಬ ಇನ್ನೂ ಭಾರದ್ದನ್ನು ತುರುಕುತ್ತಾರೆ. ಪದ ಬದಲಾಯಿತು, ಚಿತ್ರ ಮಾತ್ರ ಹಳೆಯದೇ ಉಳಿಯಿತು. ಇನ್ನು ಕೆಲವರು ಪ್ರತಿ ವಾಕ್ಯಕ್ಕೂ ಒಂದು ಹೋಲಿಕೆ ಅಂಟಿಸುತ್ತಾರೆ. ಪುಟಕ್ಕೆ ಒಂದು ಸಾಕು, ಅದೂ ಆ ಪಾತ್ರಕ್ಕೆ ಹೊಳೆಯುವಂಥದ್ದು. ಹಂಚಿನ ಕಾರ್ಖಾನೆಯ ಕೆಲಸಗಾರನಿಗೆ ಆವೆಮಣ್ಣು, ಗೂಡಿನ ಬಿಸಿ ನೆನಪಾಗಬೇಕೇ ಹೊರತು ಚಂದ್ರಬಿಂಬ ಅಲ್ಲ.