20 ಸಾವಿರದೊಳಗಿನ ಬೇಸ್ ಗಿಟಾರ್: ಮಷಿನ್ ಕೆಲಸ ಮುಗಿದಿದೆ, ಕೈಕೆಲಸ ಬಾಕಿ ಇದೆ

ಕೊನೆಗೂ ಒಂದು ಬೇಸ್ ಗಿಟಾರ್ ತಗೊಂಡೆ. 20 ಸಾವಿರದೊಳಗಿನದ್ದು. ನಾಲ್ಕು ತಂತಿ, 34 ಇಂಚು ಸ್ಕೇಲ್ (ಮಿಡಿಯೋ ತಂತಿಯ ಉದ್ದ), ಎರಡು ಪಿಕಪ್ (ತಂತಿಯ ಕಂಪನ ಹಿಡಿದು ಆಂಪ್ಲಿಫೈಯರ್‌ಗೆ ಕಳಿಸೋ ಭಾಗ). ಕಂಪನಿ ಹೆಸರು ಹೇಳಲ್ಲ. ಹೇಳಿದ ಕೂಡಲೇ "ಅದಕ್ಕಿಂತ ಇದು ತಗೋಬೇಕಿತ್ತು" ಅನ್ನೋ ಪಂಚಾಯ್ತಿ ಶುರುವಾಗುತ್ತೆ. ಈ ಬೆಲೆಯಲ್ಲಿ ಯಾವುದನ್ನು ತಂದರೂ ಹಣೆಬರಹ ಹೆಚ್ಚುಕಡಿಮೆ ಇದೇ. ಅದನ್ನೇ ಹೇಳೋಣ ಅಂತ ಬರೀತಾ ಇದ್ದೀನಿ.

ಮೊದಲೇ ಹೇಳಿಬಿಡ್ತೀನಿ: ದುಡ್ಡಿಗೆ ಮೋಸ ಇಲ್ಲ. ಆದರೆ ಬಾಕ್ಸಿಂದ ತೆಗೆದು ಹಾಗೇ ನುಡಿಸಿ "ಅಯ್ಯೋ, ಅಗ್ಗದ ಮಾಲು" ಅಂತ ತೀರ್ಪು ಕೊಟ್ಟರೆ ಅದು ಅನ್ಯಾಯ. ಯಾಕೆ ಅಂತ ಮುಂದೆ ಹೇಳ್ತೀನಿ.

ಬೇಸ್ ಯಾಕೆ ಬೇಕಾಯ್ತು ಅಂದ್ರೆ, ನಮ್ಮದೊಂದು ಸಣ್ಣ ಭಾವಗೀತೆ ತಂಡ. ಶಿವಮೊಗ್ಗದ ಸುತ್ತಮುತ್ತ ಗಣಪತಿ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್ನು, ಹೀಗೆ ಕರೆದಲ್ಲಿಗೆ ಹೋಗ್ತೀವಿ. ಇಷ್ಟು ವರ್ಷ ತಳದ ಸ್ವರ ಹಿಡಿಯೋದು ಕೀಬೋರ್ಡ್‌ನವನ ಎಡಗೈ ಕೆಲಸ ಆಗಿತ್ತು. ಅವನೂ ಪಾಪ, ಬಲಗೈಯಲ್ಲಿ ವಯಲಿನ್ನು, ಕೊಳಲು ಎಲ್ಲಾ ನುಡಿಸಿಕೊಂಡು ಇದನ್ನೂ ಎಳೀತಿದ್ದ. ನಾನು ಗಿಟಾರ್ ನುಡಿಸೋನು. "ನಾಲ್ಕೇ ತಂತಿ ಅಲ್ವಾ, ನೀನೇ ತಗೋ ಮಾರಾಯ" ಅಂದ್ರು. ನಾಲ್ಕೇ ತಂತಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಬೇಸ್ ಅಂದ್ರೇನು ಅಂತ ಕೇಳೋರಿಗೆ ಒಂದು ಸುಲಭದ ದಾರಿ ಇದೆ. 80ರ ದಶಕದಲ್ಲಿ ಇಳಯರಾಜ ಅವರು ಕನ್ನಡಕ್ಕೆ ಕೊಟ್ಟ ಯಾವುದಾದರೂ ಹಾಡು ಹಾಕಿ, ಒಳ್ಳೆ ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಹಾಡೋರನ್ನ ಬಿಡಿ, ಕೊಳಲು, ವಯಲಿನ್ನುಗಳನ್ನೂ ಬಿಡಿ. ತಳದಲ್ಲಿ ಒಂದು ದಪ್ಪ ದನಿ ತನ್ನದೇ ಬೇರೆ ರಾಗ ಹಾಡಿಕೊಂಡು ಓಡಾಡ್ತಿರುತ್ತೆ ನೋಡಿ, ಅದೇ. ಒಂದು ಸಲ ಕಿವಿಗೆ ಬಿದ್ದರೆ ಆಮೇಲೆ ಬೇರೆ ಏನೂ ಕೇಳಿಸಲ್ಲ.

ಈಗ ವಾದ್ಯಕ್ಕೆ ಬರ್ತೀನಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಇದ್ದ ತೊಂದರೆ ಸರಳವಾಗಿತ್ತು. ಡಬಲ್ ಬೇಸ್ ಅನ್ನೋ ಆಳೆತ್ತರದ, ದೊಡ್ಡ ಪಿಟೀಲಿನಂಥ ವಾದ್ಯವನ್ನು ಹೊತ್ತು ತಿರುಗಬೇಕು, ಅಷ್ಟು ಮಾಡಿದರೂ ಬ್ಯಾಂಡ್ ಗಲಾಟೆಯಲ್ಲಿ ಅದು ಕೇಳಿಸಲ್ಲ. ಫೆಂಡರ್ ಅದನ್ನು ಹೆಗಲಿಗೆ ನೇತುಹಾಕುವಷ್ಟು ಚಿಕ್ಕದು ಮಾಡಿದರು, ಫ್ರೆಟ್ (ಸ್ವರದ ಜಾಗಕ್ಕೆ ಕೂರಿಸೋ ಲೋಹದ ಅಡ್ಡಪಟ್ಟಿ) ಹಾಕಿದರು, ಪಿಕಪ್ ಕೂರಿಸಿದರು. ಸ್ಕೇಲು 34 ಇಂಚು. ನನ್ನ ಈ ಅಗ್ಗದ ಬೇಸಿಗೂ ಅದೇ 34 ಇಂಚು. ಪಿಕಪ್ಪುಗಳಲ್ಲಿ ಒಂದು 1957ರ ಪ್ರಿಸಿಷನ್ ಮಾದರಿಯ ಎರಡು ತುಂಡಿನದ್ದು, ಇನ್ನೊಂದು 1960ರ ಜಾಝ್ ಬೇಸ್ ಮಾದರಿಯದ್ದು. ಅಂದ್ರೆ ಹೊಸ ಸಂಶೋಧನೆ ಅಂತ ಇಲ್ಲಿ ಏನೂ ಇಲ್ಲ. ಎಪ್ಪತ್ತು ವರ್ಷದಿಂದ ಎಲ್ಲರೂ ಮಾಡ್ತಿರೋದನ್ನೇ ಇವರೂ ಮಾಡಿದ್ದಾರೆ. ಮರ ಕೊರೆಯೋದು, ನೆಕ್ (ವಾದ್ಯದ ಉದ್ದನೆಯ ಕತ್ತು) ಕೆತ್ತೋದು, ಫ್ರೆಟ್‌ಗೆ ಗೀರು ಹಾಕೋದು ಎಲ್ಲಾ ಕಂಪ್ಯೂಟರ್ ಮಷಿನ್ನಿನ ಕೆಲಸ. ಮಷಿನ್ನಿಗೆ ದುಬಾರಿ ಬೇಸು, ಅಗ್ಗದ ಬೇಸು ಅನ್ನೋ ಭೇದ ಇಲ್ಲ. ಹಾಗಾಗಿ ನೆಕ್ ಬಾಡಿಗೆ ಕೂತಿರೋ ಜಾಗದಲ್ಲಿ ಒಂದು ಕಾಗದ ತೂರಿಸೋಕೂ ಸಂದಿ ಇಲ್ಲ. ಪೇಂಟ್ ನೀಟಾಗಿದೆ. ಶ್ರುತಿ ಮಾಡೋ ಕೀಲಿಗಳು ಗಟ್ಟಿಯಾಗಿವೆ, ಒಂದು ಸಂಜೆ ಪೂರ್ತಿ ನುಡಿಸಿದರೂ ಶ್ರುತಿ ಜಾರಲಿಲ್ಲ.

ಫಿಂಗರ್‌ಬೋರ್ಡಿನ, ಅಂದ್ರೆ ನೆಕ್ ಮೇಲೆ ಬೆರಳು ಒತ್ತೋ ಹಲಗೆಯ, ಮರದ ವಿಷಯ ನನಗೆ ಬಹಳ ಖುಷಿ ಕೊಟ್ಟಿತು. ಮೊದಲೆಲ್ಲ ಈ ಜಾಗಕ್ಕೆ ರೋಸ್‌ವುಡ್ ಬರ್ತಿತ್ತು, ಅಂದ್ರೆ ನಮ್ಮ ಬೀಟೆ ಮತ್ತು ಅದರ ಬಳಗ. 2017ರ ಜನವರಿಯಿಂದ ಸೈಟಿಸ್ ಅನ್ನೋ, ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಆ ಇಡೀ ಬಳಗದ ಮರಕ್ಕೆ ಗಡಿ ದಾಟಬೇಕಾದರೆ ಕಾಗದಪತ್ರ ಬೇಕು ಅಂತಾಯ್ತು. ಅಗ್ಗದ ವಾದ್ಯ ಮಾಡೋರು ತಲೆನೋವೇ ಬೇಡ ಅಂತ ಬೇರೆ ಮರ ಹುಡುಕಿಕೊಂಡರು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಆದರೂ ಬಹಳ ಜನ ಹಿಂದಕ್ಕೆ ಹೋಗಲಿಲ್ಲ. ನನ್ನ ಬೇಸಿನ ವಿವರದಲ್ಲಿ "ಇಂಡಿಯನ್ ಲಾರೆಲ್" ಅಂತಿದೆ. ಯಾವುದೋ ವಿದೇಶಿ ಮರ ಇರಬೇಕು ಅಂದ್ಕೊಂಡು ಹುಡುಕಿದರೆ ನಮ್ಮ ಮತ್ತಿ ಮರ! ಮೊಸಳೆ ಚರ್ಮದ ಹಾಗೆ ಬಿರುಕು ಬಿಟ್ಟ ತೊಗಟೆ ಇರುತ್ತಲ್ಲ, ಮಲೆನಾಡಿನ ಕಾಡಲ್ಲಿ ಬೇಕಾದಷ್ಟು ನಿಂತಿರುತ್ತಲ್ಲ, ಅದೇ. ಬಣ್ಣ ಕಂದು, ನಡುನಡುವೆ ಕಪ್ಪು ಗೆರೆ. ಅಂಗಡಿಯಿಂದ ಬಂದಾಗ ಒಣಗಿ ಬೂದಿ ಬಣ್ಣ ಆಗಿತ್ತು. ಫಿಂಗರ್‌ಬೋರ್ಡಿಗೆ ಅಂತಲೇ ಸಿಗೋ ಎಣ್ಣೆ ನಾಲ್ಕು ಹನಿ ಹಾಕಿ ಒರೆಸಿದೆ, ಗೆರೆಗಳೆಲ್ಲ ಎದ್ದು ಬಂದವು. ಕೊಬ್ಬರಿ ಎಣ್ಣೆ ಹಚ್ಚೋಕೆ ಹೋಗಬೇಡಿ, ದಿನ ಕಳೆದ ಹಾಗೆ ಕಮಟು ವಾಸನೆ ಬರಬಹುದು.

ಇಷ್ಟೊತ್ತು ಹೊಗಳಿದೆ. ಈಗ ಇನ್ನೊಂದು ಮುಖ.

ಕಂಪನಿಯವರು ದುಡ್ಡು ಉಳಿಸಿರೋದು ಮರದಲ್ಲಿ ಅಲ್ಲ, ಪಿಕಪ್‌ನಲ್ಲೂ ಅಷ್ಟಾಗಿ ಅಲ್ಲ. ಮನುಷ್ಯನ ಕೈಯಲ್ಲಿ. ದುಬಾರಿ ವಾದ್ಯಕ್ಕೆ ಕೊನೆಯಲ್ಲಿ ಒಬ್ಬ ಪಳಗಿದ ಕೆಲಸಗಾರ ಗಂಟೆಗಟ್ಟಲೆ ಕೂರ್ತಾನೆ. ಫ್ರೆಟ್ ತುದಿ ನಯ ಮಾಡ್ತಾನೆ, ತಂತಿ ಎತ್ತರ ನೋಡ್ತಾನೆ, ನುಡಿಸಿ ನೋಡ್ತಾನೆ. ಅಗ್ಗದ್ದಕ್ಕೆ ಆ ಹೊತ್ತು ಸಿಗಲ್ಲ. ಹಾಗಾಗಿ ನನ್ನ ಬೇಸ್ ಬಂದಾಗ ತಂತಿಗಳು ಎಷ್ಟು ಮೇಲಿದ್ದವು ಅಂದ್ರೆ ಒತ್ತಿ ಒತ್ತಿ ಬೆರಳು ಉರಿ ಹತ್ತಿತು. ನೆಕ್ಕಿನ ಕೆಳಭಾಗ ಸವರಿದರೆ ಫ್ರೆಟ್ ತುದಿಗಳು ಚುಚ್ಚುತ್ತಿದ್ದವು. ಹನ್ನೆರಡನೇ ಫ್ರೆಟ್ ಮೇಲೆ ಒತ್ತಿದರೆ ಸ್ವರ ಸ್ವಲ್ಪ ಏರಿರ್ತಿತ್ತು.

ಇವೆಲ್ಲಾ ಕಾಯಿಲೆ ಅಲ್ಲ, ಬಾಕಿ ಉಳಿದ ಕೆಲಸ. ಗಿಟಾರ್ ರಿಪೇರಿಯವರಿಗೆ ಕೊಟ್ಟರೆ ಮಾಡಿಕೊಡ್ತಾರೆ. ನಾನೇ ಕೂತೆ. ಮೊದಲು ನೆಕ್. ಇ ತಂತಿಯನ್ನ (ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ ಅಂತ ನಾಲ್ಕು ತಂತಿ) ಮೊದಲ ಫ್ರೆಟ್ ಮೇಲೂ ಕೊನೆ ಫ್ರೆಟ್ ಮೇಲೂ ಒಟ್ಟಿಗೆ ಒತ್ತಿ ಹಿಡೀಬೇಕು. ಆಗ ಏಳು-ಎಂಟನೇ ಫ್ರೆಟ್ ಹತ್ತಿರ ತಂತಿ ಕೆಳಗೆ ಎಷ್ಟು ಸಂದಿ ಇದೆ ನೋಡಬೇಕು. ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು, ಸುಮಾರು 0.3 ಮಿ.ಮೀ. ಇದ್ದರೆ ಸಾಕು. ನನ್ನದರಲ್ಲಿ ಕಾರ್ಡುಗಳ ಕಟ್ಟೇ ಹೋಗ್ತಿತ್ತು. ನೆಕ್ ಒಳಗೆ ಟ್ರಸ್ ರಾಡ್ ಅಂತ ಒಂದು ಕಬ್ಬಿಣದ ಸರಳು ಇರುತ್ತೆ, ಅಲೆನ್ ಕೀ ಹಾಕಿ ಬಲಕ್ಕೆ ತಿರುಗಿಸಿದರೆ ನೆಕ್ ನೆಟ್ಟಗಾಗುತ್ತೆ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ತಿರುಗಿಸಿ, ಶ್ರುತಿ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಬಿಗಿ ಅನ್ನಿಸಿದರೆ ನಿಲ್ಲಿಸಿ, ಜೋರು ತೋರಿಸೋ ಜಾಗ ಅಲ್ಲ ಇದು.

ಆಮೇಲೆ ಬ್ರಿಡ್ಜಿನ (ಬಾಡಿ ಮೇಲೆ ತಂತಿಗಳನ್ನ ಹೊರೋ ಭಾಗ) ಸ್ಯಾಡಲ್, ಅಂದ್ರೆ ಒಂದೊಂದು ತಂತಿ ಕೂರೋ ತುಂಡು, ಇಳಿಸಿದೆ. ಹನ್ನೆರಡನೇ ಫ್ರೆಟ್ ಹತ್ತಿರ ಇ ತಂತಿ ಎರಡೂವರೆ ಮಿ.ಮೀ. ಮೇಲೆ, ಜಿ ತಂತಿ ಎರಡು ಮಿ.ಮೀ. ಮೇಲೆ. ಇನ್ನೂ ಇಳಿಸಬಹುದು, ಆದರೆ ನಾನು ಜೋರಾಗಿ ಮೀಟೋನು, ಟರ್ ಅನ್ನುತ್ತೆ. ಕೊನೆಗೆ ಸ್ವರ ಏರೋದು. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ಲನ್ನ ನೆಕ್ಕಿಂದ ದೂರ ಸರಿಸಬೇಕು, ಅಷ್ಟೇ. ಇಲ್ಲೊಂದು ಕಿರಿಕಿರಿ ಇದೆ. ಮೊಬೈಲ್ ಟ್ಯೂನರ್ ಆಪ್‌ಗಳಿಗೆ ತಗ್ಗಿನ ಇ ತಂತಿ ಕೆಲವು ಸಲ ಕೇಳಿಸೋದೇ ಇಲ್ಲ. ಹನ್ನೆರಡನೇ ಫ್ರೆಟ್ ನೇರಕ್ಕೆ ತಂತಿಯನ್ನ ಒತ್ತದೆ ಸುಮ್ನೆ ತಾಗಿಸಿ ಮೀಟಿ, ಒಂದು ಸ್ಥಾಯಿ ಮೇಲಿನ ಸ್ವರ ಬರುತ್ತೆ, ಅದನ್ನ ಹಿಡಿಯುತ್ತೆ.

ಫ್ರೆಟ್ ತುದಿಗೆ ಸಣ್ಣ ಅರ, ಮರಕ್ಕೆ ತಾಗದ ಹಾಗೆ ಮಾಸ್ಕಿಂಗ್ ಟೇಪ್. ಬೇಸರದ ಕೆಲಸ, ಬಿಡಿ.

ಇಷ್ಟಾದ ಮೇಲೆ ಅದೇ ಬೇಸು, ಆದರೆ ಕೈಗೆ ಬೇರೆಯೇ ವಾದ್ಯ. ಅದಕ್ಕೇ ನನಗೆ "ಶುರುವಿಗೆ ಅಗ್ಗದ್ದು ತಗೋ, ಆಮೇಲೆ ಪಿಕಪ್ ಬದಲಾಯಿಸು, ಬ್ರಿಡ್ಜ್ ಬದಲಾಯಿಸು" ಅನ್ನೋ ಸಲಹೆ ಕೇಳಿದ್ರೆ ರೇಗುತ್ತೆ. ಹತ್ತು ಸಾವಿರದ ಪಿಕಪ್ ಹಾಕಿದರೂ ತಂತಿ ಎತ್ತರದಲ್ಲೇ ಇದ್ದರೆ ಬೆರಳು ಬೊಬ್ಬೆ ಬರೋದು ತಪ್ಪಲ್ಲ. ದುಡ್ಡಿದ್ದರೆ ಮೊದಲು ಸೆಟಪ್‌ಗೆ, ಅಂದ್ರೆ ಮೇಲೆ ಹೇಳಿದ ಈ ಹೊಂದಿಸೋ ಕೆಲಸಕ್ಕೆ ಹಾಕಿ, ಆಮೇಲೆ ತಂತಿಗೆ ಹಾಕಿ. ಅಂದಹಾಗೆ ಗಿಟಾರ್ ತಂತಿ ರೇಟಿಗೆ ಬೇಸ್ ತಂತಿ ಸಿಗುತ್ತೆ ಅಂತ ಕನಸು ಕಾಣಬೇಡಿ.

ತಡೀರಿ, ಸೆಟಪ್ ಎಲ್ಲಾ ತಂತಿ ಕೆಳಗಿರೋದಕ್ಕಾಗಿ ಅಂತಲೂ ಅಲ್ಲ. ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ರೆಕಾರ್ಡ್ ಕಂಪನಿಯಲ್ಲಿ 60ರ ದಶಕದಲ್ಲಿ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಅವರ ಬೇಸಿನ ತಂತಿ ಎತ್ತರದಲ್ಲೇ ಇತ್ತಂತೆ. ಹಳೇ ಫ್ಲಾಟ್‌ವೌಂಡ್ (ಮೇಲ್ಮೈ ನುಣುಪಾದ) ತಂತಿ, ಒಂದೇ ತೋರುಬೆರಳು. ಅಷ್ಟರಲ್ಲೇ ಎಲ್ಲಾ ಮಾಡಿದರು. ಆದರೆ ಅವರು ಡಬಲ್ ಬೇಸ್ ನುಡಿಸಿ ಬಂದವರು, ಆ ಕೈಗಳೇ ಬೇರೆ.

ಕೂಗಿನ ವಿಷಯ. ಪ್ರಿಸಿಷನ್ ಮಾದರಿಯ ಪಿಕಪ್ ಒಂದನ್ನೇ ಇಟ್ಟು, ಟೋನ್ ಅರ್ಧಕ್ಕೆ ಇಳಿಸಿದರೆ ದುಂಡಗಿನ, ದಪ್ಪ ದನಿ. ಭಾವಗೀತೆಗೆ ಹೇಳಿ ಮಾಡಿಸಿದ ಹಾಗಿದೆ. ಬ್ರಿಡ್ಜ್ ಕಡೆಯ ಪಿಕಪ್ ಒಂದನ್ನೇ ಇಟ್ಟರೆ ಗುಂಯ್ ಅನ್ನುತ್ತೆ. ಒಂದೇ ಸುರುಳಿಯ ಪಿಕಪ್ಪಿನ ಗುಣವೇ ಅದು. ತಂತಿ ಮುಟ್ಟಿದ ಕೂಡಲೇ ಗುಂಯ್ ಕಡಿಮೆ ಆಗಬೇಕು, ಹಾಗಾದರೆ ಸರಿ ಇದೆ ಅಂತ ಲೆಕ್ಕ. ಮುಟ್ಟಿದಾಗ ಜುಮ್ ಅಂದ್ರೆ ಮಾತ್ರ ತಕ್ಷಣ ಆಂಪ್ಲಿಫೈಯರ್ ಪ್ಲಗ್ ಕಿತ್ತುಹಾಕಿ. ಪೆಂಡಾಲ್‌ಗಳಲ್ಲಿ ಮೂರು ಪಿನ್ನಿನ ಪ್ಲಗ್ಗನ್ನ ಎರಡು ಪಿನ್ ಮಾಡಿ ಚುಚ್ಚೋ ಅಭ್ಯಾಸ ಇದೆಯಲ್ಲ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸೋನಿಗೆ ಗೊತ್ತು ಅದರ ಕಷ್ಟ.

ಜಿ ತಂತಿಯ ಆರನೇ ಫ್ರೆಟ್‌ನಲ್ಲಿ ಒಂದು ವಿಚಿತ್ರ ಸಿಕ್ಕಿತು. ಬೇರೆ ಕಡೆ ಸ್ವರ ಉದ್ದಕ್ಕೆ ನಿಲ್ಲುತ್ತೆ, ಅಲ್ಲಿ ಮಾತ್ರ ಟಕ್ ಅಂತ ಸತ್ತುಹೋಗುತ್ತೆ. ಡೆಡ್ ಸ್ಪಾಟ್ ಅಂತಾರೆ. ಆ ಸ್ವರಕ್ಕೆ ನೆಕ್ಕೇ ತಾನೂ ಅಲ್ಲಾಡಿ ತಂತಿಯ ಶಕ್ತಿಯನ್ನ ನುಂಗಿಬಿಡುತ್ತೆ. ದುಬಾರಿ ಬೇಸುಗಳಲ್ಲೂ ಐದರಿಂದ ಏಳನೇ ಫ್ರೆಟ್ ನಡುವೆ ಇದು ಸಾಮಾನ್ಯ, ಹಾಗಾಗಿ ದೂರು ಹೇಳಲ್ಲ. ಆದರೆ ನನ್ನ ಗ್ರಹಚಾರ ನೋಡಿ. ನಮ್ಮಲ್ಲಿ ಗಂಡಸರು ಹಾಡೋದು ಹೆಚ್ಚಾಗಿ ಒಂದೂವರೆ ಶ್ರುತಿಗೆ, ಅಂದ್ರೆ ಸಿ ಶಾರ್ಪ್. ಜಿ ತಂತಿಯ ಆರನೇ ಫ್ರೆಟ್ ಅಂದ್ರೆ ಸರಿಯಾಗಿ ಆ ಷಡ್ಜವೇ! ಈಗ ಅದೇ ಸ್ವರವನ್ನ ಡಿ ತಂತಿಯ ಹನ್ನೊಂದನೇ ಫ್ರೆಟ್‌ನಲ್ಲಿ ಹಿಡೀತಿದ್ದೀನಿ. ದನಿ ಅಲ್ಲೇ ಇನ್ನೂ ದಪ್ಪಗಿದೆ.

ಶ್ರುತಿ ಲೆಕ್ಕದಲ್ಲಿ ಬೇಸ್ ಒಂದು ಕಡೆ ಬಹಳ ಅನುಕೂಲ. ಒಂದೂವರೆಗೆ ಎ ತಂತಿಯ ನಾಲ್ಕನೇ ಫ್ರೆಟ್ ಷಡ್ಜ, ಅದರ ಪಕ್ಕದ ಇ ತಂತಿಯ ನಾಲ್ಕನೇ ಫ್ರೆಟ್ ಮಂದ್ರ ಪಂಚಮ. ಬೆರಳು ಆ ಕಡೆ ಈ ಕಡೆ ವಾಲಿಸಿದರೆ ಸಾಕು. ಐದೂವರೆ ಶ್ರುತಿಗೆ ಹಾಡುವ ಅಕ್ಕಂದಿರು ಬಂದರೆ ಆ ಇ ತಂತಿಯ ನಾಲ್ಕನೇ ಫ್ರೆಟ್ಟೇ ಷಡ್ಜ ಆಗಿಬಿಡುತ್ತೆ.

ತಂಡದ ಜೊತೆ ಕೂತಾಗಲೇ ನಿಜವಾದ ಪಾಠ ಆಗಿದ್ದು. ನಾನು ಹುರುಪಲ್ಲಿ ಮಾತ್ರೆಗೊಂದು ಸ್ವರ ತುಂಬಿಸ್ತಾ ಹೋದೆ. ನಮ್ಮ ತಬಲಾದವರು ವಯಸ್ಸಲ್ಲಿ ದೊಡ್ಡವರು, ಒಂದು ಹಾಡು ಸುಮ್ಮನೆ ನುಡಿಸಿದರು. ಎರಡನೇ ಹಾಡಿಗೆ ಕೈ ತೆಗೆದು, "ನೀವು ಹೀಗೆ ಎಲ್ಲಾ ಕಡೆ ತುಂಬಿಸಿದ್ರೆ ನನ್ನ ಎಡಗೈಗೆ ಏನ್ರೀ ಕೆಲಸ?" ಅಂದರು. ಅವರು ಹೇಳಿದ್ದು ನ್ಯಾಯ. ತಬಲಾದವರ ಎಡಗೈ ವಾದ್ಯ ಡಗ್ಗಾದ ಗುಮುಕು ಇರೋದೂ, ಬೇಸಿನ ದನಿ ಇರೋದೂ ಸುಮಾರು ಒಂದೇ ಜಾಗದಲ್ಲಿ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಎರಡೂ ಕೇಳಿಸಲ್ಲ, ಕೆಸರು ಕಲಸಿದ ಹಾಗೆ. ಬ್ರಿಡ್ಜ್ ಹತ್ತಿರ ತಂತಿ ಕೆಳಗೆ ಒಂದು ಕರ್ಚೀಫ್ ಮಡಿಸಿ ತುರುಕಿದೆ. ಹಳೇ ಫೆಂಡರ್ ಬೇಸುಗಳಲ್ಲಿ ಅಲ್ಲೇ ಬ್ರಿಡ್ಜಿನ ಮುಚ್ಚಳದ ಕೆಳಗೆ ಸ್ಪಂಜಿನ ತುಂಡು ಇರ್ತಿತ್ತು. ಸ್ವರ ಡುಂ ಅಂತ ಬಂದು ಬೇಗ ನಿಂತಿತು, ಡಗ್ಗಾಕ್ಕೆ ಜಾಗ ಸಿಕ್ಕಿತು. ಆರು ಮಾತ್ರೆಯ ದಾದ್ರಾ ತಾಳದಲ್ಲಿ ಸಮ್‌ಗೊಂದು (ಮೊದಲ ಮಾತ್ರೆ), ನಾಲ್ಕನೇ ಮಾತ್ರೆಗೊಂದು ಸ್ವರ, ಅಷ್ಟೇ. ತಬಲಾದವರು ತಲೆಯಾಡಿಸಿದರು. ಅವರು ಅಷ್ಟು ಸುಲಭಕ್ಕೆ ತಲೆಯಾಡಿಸೋರಲ್ಲ.

ತಗೋಬೇಕು ಅಂತಿರೋರಿಗೆ ಇನ್ನೆರಡು ಮಾತು. ತೂಕ ನಾಲ್ಕು ಕೆಜಿ ಹತ್ತಿರ ಇದೆ, ಮೇಲಾಗಿ ಕೈ ಬಿಟ್ಟರೆ ತಲೆ ಕಡೆ ಕೆಳಕ್ಕೆ ವಾಲುತ್ತೆ. ನುಣುಪಾದ ನೈಲಾನ್ ಪಟ್ಟಿ ಬೇಡ, ಅಗಲವಾದ, ಒರಟು ಪಟ್ಟಿ ಹಾಕಿ, ಭುಜದ ಮೇಲೆ ಜಾರಲ್ಲ. ಕೈ ಚಿಕ್ಕದಿದ್ದರೆ 30 ಇಂಚು ಸ್ಕೇಲಿನ ಶಾರ್ಟ್ ಸ್ಕೇಲ್ ಬೇಸ್ ನೋಡಿ, ಅದು ಮಕ್ಕಳ ಆಟಿಕೆ ಅಲ್ಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಅವರ ಪಿಟೀಲು ಆಕಾರದ ಹಾಫ್ನರ್ ಬೇಸ್ ಕೂಡ ಶಾರ್ಟ್ ಸ್ಕೇಲೇ. ಇನ್ನು ಆಂಪ್ಲಿಫೈಯರ್‌ಗೆ ಬೇರೆ ದುಡ್ಡು ಎತ್ತಿಡಿ. ಇ ತಂತಿಯ ತಳದ ಸ್ವರ 41 ಹರ್ಟ್ಜ್, ಅದನ್ನ ಮೊಬೈಲಿನ ಪುಟಾಣಿ ಸ್ಪೀಕರ್ ಕೂಗೋಕೆ ಸಾಧ್ಯವೇ ಇಲ್ಲ. ಮೇಲಿನ ಉಪಸ್ವರಗಳನ್ನ ಕೇಳಿ ಮಿದುಳೇ ತಳದ ಸ್ವರವನ್ನ ಊಹಿಸಿಕೊಳ್ಳುತ್ತೆ. ಹಾಗಾಗಿ ಯೂಟ್ಯೂಬಲ್ಲಿ ಬೇಸ್ ರಿವ್ಯೂನ ಮೊಬೈಲಲ್ಲಿ ನೋಡಿ "ಸೌಂಡ್ ಸೂಪರ್" ಅಂತ ಬುಕ್ ಮಾಡೋದು ಬೇಡ. ಹೆಡ್‌ಫೋನ್ ಹಾಕಿ ಕೇಳಿ, ಆಗೋದಾದರೆ ಅಂಗಡಿಗೇ ಹೋಗಿ ಕೈಯಲ್ಲಿ ಹಿಡಿದು ನೋಡಿ.

ನಮ್ಮ ಕಡೆ ಮಳೆಗಾಲ ಬಂದರೆ ಮರ ತೇವ ಕುಡಿದು ನೆಕ್ ಮತ್ತೆ ಅಲ್ಲಾಡುತ್ತೆ, ತಂತಿಗೆ ತುಕ್ಕು ಹಿಡಿಯುತ್ತೆ. ಕೇಸ್ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಟ್ಟಿದ್ದೀನಿ. ಆಗಸ್ಟಲ್ಲಿ ಅಲೆನ್ ಕೀ ಮತ್ತೆ ಹೊರಗೆ ಬರೋದು ಗ್ಯಾರಂಟಿ.

ಒಂದು ಕೆಲಸ ಮಾತ್ರ ನನ್ನ ಕೈಯಲ್ಲಿ ಆಗಿಲ್ಲ. ನಟ್‌ನ, ಅಂದ್ರೆ ನೆಕ್ಕಿನ ತುದಿಯಲ್ಲಿ ತಂತಿಗಳು ಕೂರೋ ಪಟ್ಟಿಯ, ಗೀರುಗಳು ಇನ್ನೂ ಮೇಲಿವೆ, ಮೊದಲ ಫ್ರೆಟ್‌ನಲ್ಲಿ ಒತ್ತಿದರೆ ಸ್ವರ ಕೂದಲೆಳೆಯಷ್ಟು ಏರುತ್ತೆ. ಅದಕ್ಕೆ ತಂತಿಯ ದಪ್ಪಕ್ಕೆ ಸರಿಯಾದ ಅರಗಳು ಬೇಕು, ಜಾಸ್ತಿ ಉಜ್ಜಿದರೆ ನಟ್ಟೇ ಬದಲಾಯಿಸಬೇಕಾಗುತ್ತೆ. ಶಿವಮೊಗ್ಗ, ಭದ್ರಾವತಿ ಕಡೆ ಬೇಸ್ ನಟ್ ಕೆಲಸ ಗೊತ್ತಿರೋರು ಯಾರಾದ್ರೂ ಇದ್ದರೆ ಇನ್‌ಬಾಕ್ಸ್ ಮಾಡಿ. ಬೆಂಗಳೂರಿಗೆ ಇದನ್ನ ಬಸ್ಸಲ್ಲಿ ಹೊತ್ಕೊಂಡು ಹೋಗೋಕೆ ಮನಸ್ಸಿಲ್ಲ.